ಶ್ರೂಸ್‌ಬರಿ, ಪೋವಿಸ್, ಲಡ್ಲೋ: ವಾರಾಂತ್ಯದ ಕೋಟೆಗಳು, ಸಂಜೆಯ ಪಬ್‌ಗಳು

ಶುಕ್ರವಾರ ಸಂಜೆ: ಶ್ರೂಸ್‌ಬರಿ

ಬರ್ಮಿಂಗ್‌ಹ್ಯಾಮ್‌ನಿಂದ ಶ್ರೂಸ್‌ಬರಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಇಂಗ್ಲೆಂಡ್ ಮುಗಿದು ವೇಲ್ಸ್ ಶುರುವಾಗುವ ಈ ಗಡಿ ಸೀಮೆಯಲ್ಲಿ ಕೋಟೆಗಳು ಕೈಗೊಂದು ಕಾಲಿಗೊಂದು ಸಿಗುತ್ತವೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ವೆಲ್ಶ್ ದೊರೆಗಳನ್ನು ತಡೆಯಲು ಕಟ್ಟಿದ್ದು ಕೆಲವು, ವೆಲ್ಶ್ ದೊರೆಗಳೇ ಕಟ್ಟಿಕೊಂಡದ್ದು ಕೆಲವು. ಎರಡು ದಿನದಲ್ಲಿ ಎಲ್ಲವನ್ನೂ ಮುಟ್ಟಿಬರಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ನಾವು ಆರಿಸಿಕೊಂಡದ್ದು ಒಂದೇ ರೈಲು ಜಾಲಕ್ಕೆ ಸೇರಿದ ಮೂರು ಊರುಗಳನ್ನು. ಕಾರು ಮನೆಯಲ್ಲೇ ಉಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಗೆ 80 ಮಿಲಿಗ್ರಾಂ ಮದ್ಯಸಾರ ದಾಟುವಂತಿಲ್ಲ, ರಾತ್ರಿ ಕುಡಿದದ್ದು ಬೆಳಗಿನ ಲೆಕ್ಕಕ್ಕೂ ಬರುತ್ತದೆ. ಪಬ್ಬು ನೋಡಬೇಕೆಂದರೆ ರೈಲೇ ವಾಸಿ.

ನಿಲ್ದಾಣದಿಂದ ಹೊರಬಿದ್ದು ತಲೆಯೆತ್ತಿದರೆ ಎದುರಿಗೇ ಕೆಂಪು ಕಲ್ಲಿನ ಶ್ರೂಸ್‌ಬರಿ ಕೋಟೆ. ಸೆವರ್ನ್ ನದಿ ಊರನ್ನು ಬಳಸಿ ಸುತ್ತು ಹಾಕಿ, ಒಂದು ಕಡೆ ಮಾತ್ರ ಕಿರಿದಾದ ಒಣನೆಲ ಬಿಟ್ಟಿದೆ. ಕೋಟೆ ನಿಂತಿರುವುದು ಆ ಕುತ್ತಿಗೆಯ ಮೇಲೆ. ಕಾವೇರಿಯ ಕವಲುಗಳು ಶ್ರೀರಂಗಪಟ್ಟಣಕ್ಕೆ ಮಾಡಿಕೊಟ್ಟ ಕೆಲಸವನ್ನು ಇಲ್ಲಿ ಒಂದೇ ನದಿ ಮುಕ್ಕಾಲು ಪಾಲು ಮಾಡಿ ಮುಗಿಸಿದೆ. ಒಳಗಿರುವುದು ಸೈನಿಕ ವಸ್ತುಸಂಗ್ರಹಾಲಯ, ಸಂಜೆಗೆ ಮುಚ್ಚಿರುತ್ತದೆ. ಹೊರಗಿನಿಂದ ನೋಡಿಕೊಂಡು ಊರೊಳಗೆ ಏರಿದೆವು.

ಪೇಟೆ ನಡುವಿನ ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಕಂಚಿನ ಪ್ರತಿಮೆ ಇದೆ, ನಿಲ್ಲಿಸಿದ್ದು 1860ರಲ್ಲಿ. ಪ್ಲಾಸಿಯಿಂದ ಸಿರಿವಂತನಾಗಿ ಮರಳಿದವನು ಇದೇ ಊರಿನ ಸಂಸದನಾಗಿದ್ದ, ಮೇಯರ್ ಕೂಡ ಆಗಿದ್ದ. 2020ರಲ್ಲಿ ಪ್ರತಿಮೆ ತೆಗೆಯಿರಿ ಎಂಬ ಮನವಿಗಳು ಬಂದವು, ಕೌನ್ಸಿಲ್ ಉಳಿಸಿಕೊಳ್ಳಲು ತೀರ್ಮಾನಿಸಿತು. ಇಲ್ಲಿ ಐದು ನಿಮಿಷ ನಿಲ್ಲುವುದು ಒಳ್ಳೆಯದು, ಏಕೆಂದರೆ ಮುಂದಿನ ಎರಡೂ ದಿನ ಇದೇ ಮನೆತನದ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ.

ಸಂಜೆಗೆ ಚರ್ಚ್ ಸ್ಟ್ರೀಟಿನ ಲಾಗರ್‌ಹೆಡ್ಸ್. ಹಳೆಯ ಇಂಗ್ಲಿಷ್ ಪಬ್ಬು ಒಂದೇ ದೊಡ್ಡ ಹಾಲ್ ಆಗಿರಲಿಲ್ಲ, ಸಣ್ಣ ಸಣ್ಣ ಕೋಣೆಗಳ ಮನೆಯಾಗಿತ್ತು ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿಲ್ಲ. ಒಂದು ಕೋಣೆ 1975ರವರೆಗೆ ಗಂಡಸರಿಗೆ ಮಾತ್ರ ಮೀಸಲಾಗಿತ್ತು, ಆ ಬರಹ ಇನ್ನೂ ಇದೆ. ಮರದ ಬೆಂಚುಗಳು ಗೋಡೆಗಂಟಿಕೊಂಡಿವೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು. ಆ ಇಕ್ಕಟ್ಟಿನಿಂದಲೇ ಪಕ್ಕದವರೊಡನೆ ಮಾತು ಹುಟ್ಟುತ್ತದೆ.

ಹೊಸದಾಗಿ ಬಂದವರು ತಿಳಿದಿರಬೇಕಾದದ್ದು ಇಷ್ಟು. ಟೇಬಲ್ಲಿಗೆ ಯಾರೂ ಬಂದು ಕೇಳುವುದಿಲ್ಲ, ಬಾರ್ ಕಟ್ಟೆಗೆ ಹೋಗಿ ಕೇಳಿ, ಆಗಲೇ ದುಡ್ಡು ಕೊಟ್ಟು, ಗ್ಲಾಸು ನಾವೇ ಎತ್ತಿಕೊಂಡು ಬರಬೇಕು. ಸಾಲು ಕಣ್ಣಿಗೆ ಕಾಣುವುದಿಲ್ಲ, ಆದರೆ ಯಾರ ನಂತರ ಯಾರು ಎಂಬುದು ಕಟ್ಟೆಯ ಬಳಿ ನಿಂತವರಿಗೆಲ್ಲ ಗೊತ್ತಿರುತ್ತದೆ. ಕೈ ಬೀಸುವುದು, ಕೂಗುವುದು ಬೇಡ, ಕಣ್ಣು ಸೇರಿದರೆ ಸಾಕು. ನಾಲ್ಕು ಜನ ಹೋದರೆ ಒಬ್ಬೊಬ್ಬರೂ ಸರದಿಯಲ್ಲಿ ಎಲ್ಲರಿಗೂ ತರುವುದು ವಾಡಿಕೆ. ಅರ್ಧ ಪೈಂಟ್ (284 ಮಿಲಿ) ಕುಡಿಯುವವರೂ ತಮ್ಮ ಸರದಿ ಬಂದಾಗ ಏಳಬೇಕು. ಚಿಪ್ಸ್ ಪೊಟ್ಟಣ ತಂದರೆ ಅದನ್ನು ಹೊಲಿಗೆಯ ಉದ್ದಕ್ಕೆ ಹರಿದು ಮೇಜಿನ ನಡುವೆ ಬಿಡಿಸಿಡುತ್ತಾರೆ, ಅದು ಎಲ್ಲರದೂ. ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡರೆ ವಯಸ್ಸಿನ ದಾಖಲೆ ಕೇಳುತ್ತಾರೆ. ಬ್ರಿಟನ್ನಿನ ಕಲಿಕಾ ಚಾಲನಾ ಪರವಾನಗಿ ಜೇಬಲ್ಲಿದ್ದರೆ ಪಾಸ್‌ಪೋರ್ಟು ಹೊತ್ತು ತಿರುಗಬೇಕಿಲ್ಲ.

ಇನ್ನು ಬಿಯರು. ಉದ್ದ ಹಿಡಿಯ ಕೈಪಂಪಿನಿಂದ ಎಳೆಯುವುದೇ ಇಲ್ಲಿನ ನಿಜವಾದ ಏಲ್ ಬಿಯರು. ಅದರ ಹುದುಗು ಪೀಪಾಯಿಯೊಳಗೂ ಮುಂದುವರಿಯುತ್ತದೆ, ಹೊರಗಿನ ಅನಿಲ ತುಂಬುವುದಿಲ್ಲ. ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಬಾಟಲಿ ಲಾಗರಿಗೆ ಒಗ್ಗಿದ ನಾಲಿಗೆಗೆ ಇದು ಬೆಚ್ಚಗಿದೆ, ಸಪ್ಪೆಯಾಗಿದೆ ಅನ್ನಿಸಬಹುದು. ಎರಡು ಗುಟುಕು ನಿಧಾನ ಕುಡಿದರೆ ಧಾನ್ಯದ ಸಿಹಿ, ಹಾಪ್ಸ್ ಹೂವಿನ ಕಹಿ ಬೇರೆ ಬೇರೆಯಾಗಿ ತಿಳಿಯುತ್ತವೆ. ಪೀಪಾಯಿ ತೆರೆದ ಮೇಲೆ ಗಾಳಿ ಆಡುವುದರಿಂದ ಮೂರು ದಿನದ ಹೊತ್ತಿಗೆ ರುಚಿ ಕುಗ್ಗತೊಡಗುತ್ತದೆ, ಆಮೇಲೆ ಹುಳಿ. ಅದಕ್ಕೇ ಹತ್ತು ಪಂಪು ಸಾಲಾಗಿಟ್ಟ ಖಾಲಿ ಪಬ್ಬಿಗಿಂತ ಮೂರೇ ಪಂಪಿನ ತುಂಬಿದ ಪಬ್ಬು ಮೇಲು. ವಿನೆಗರ್ ವಾಸನೆ ಬಂದರೆ ಗ್ಲಾಸು ವಾಪಸು ಕೊಟ್ಟು ಮೃದುವಾಗಿ ಹೇಳಿದರಾಯಿತು, ಒಳ್ಳೆಯ ಪಬ್ಬಿನವರು ಮರುಮಾತಿಲ್ಲದೆ ಬೇರೆ ಕೊಡುತ್ತಾರೆ. ಯಾವುದೆಂದು ತೋಚದಿದ್ದರೆ ರುಚಿ ನೋಡಲು ಒಂದು ಗುಟುಕು ಕೇಳಬಹುದು.

ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯ ಒಂದಿದೆ. ಪೀಪಾಯಿಯ ಏಲ್ ತಿಳಿಯಾಗಲು ಬಹಳ ಕಡೆ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಹಾಕುತ್ತಾರೆ. ಹುದುಗಿನ ಕಣಗಳು ಅದಕ್ಕೆ ಅಂಟಿ ಕೆಳಗಿಳಿಯುತ್ತವೆ. ಅದು ಬೇಡವಾದರೆ ‘ವೀಗನ್ ಬಿಯರ್ ಯಾವುದಿದೆ’ ಎಂದು ಕೇಳಿ. ಈಗ ಅಂಟು ಹಾಕದೆ, ತುಸು ಮಬ್ಬಾಗಿಯೇ ಮಾರುವ ಬಿಯರುಗಳು ಸಾಕಷ್ಟಿವೆ.

ಶನಿವಾರ: ಪೋವಿಸ್

ಶ್ರೂಸ್‌ಬರಿಯಿಂದ ವೆಲ್ಶ್‌ಪೂಲಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಈ ಮಾರ್ಗದಲ್ಲಿ ರೈಲುಗಳ ನಡುವೆ ಎರಡು ಗಂಟೆಯ ಅಂತರ ಇರುವುದುಂಟು, ಆದ್ದರಿಂದ ಹೋಗುವ ರೈಲಿಗಿಂತ ಬರುವ ರೈಲಿನ ಹೊತ್ತನ್ನು ಮೊದಲು ನೋಡಿಟ್ಟುಕೊಳ್ಳಬೇಕು. ಮೇ ತಿಂಗಳ ಬೆಳಗು, ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕಪ್ಪು ಮೋಡ. ಕುರಿಮರಿಗಳು ಹಸಿರು ಗುಡ್ಡದ ತುಂಬ. ನಿಲ್ದಾಣದಿಂದ ಊರು ದಾಟಿ, ಬ್ರಾಡ್ ಸ್ಟ್ರೀಟ್ ಹತ್ತಿ, ಪಾರ್ಕ್ ಲೇನ್ ಹಿಡಿದರೆ ಉದ್ಯಾನದೊಳಗಿನ ಏರುದಾರಿ. ಹಳೆಯ ಓಕ್ ಮರಗಳ ನಡುವೆ ಅರ್ಧ ಗಂಟೆ ನಡಿಗೆ. ಹಾದಿಯಲ್ಲೇ ಮಳೆ ಹೊಡೆಯಿತು. ಗಾಳಿಗೆ ಕೊಡೆ ತಿರುಚಿಕೊಳ್ಳುತ್ತದೆ, ಟೋಪಿಯಿರುವ ಮಳೆ ಜಾಕೆಟ್ಟೇ ಇಲ್ಲಿ ಆಗಿಬರುವುದು. ಕಲ್ಲು ಹಾಸು ನೆಂದರೆ ಜಾರುತ್ತದೆ, ಅಡಿ ಸವೆದ ಬೂಟು ಬೇಡ.

ಪೋವಿಸ್ ಕೋಟೆ ಒಮ್ಮೆಗೇ ಕಾಣಿಸಿಕೊಳ್ಳುತ್ತದೆ. ಬಂಡೆಯ ಏಣಿನ ಮೇಲೆ ಕೆಂಪು ಮರಳುಗಲ್ಲಿನ ಗೋಡೆ, ಮೇಲೆ ಹಲ್ಲಿನಂತೆ ಎದ್ದ ತೆನೆ ಸಾಲು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಹದಿಮೂರನೇ ಶತಮಾನದಲ್ಲಿ ವೆಲ್ಶ್ ದೊರೆ ಗ್ರಿಫಿದ್ ಆಪ್ ಗ್ವೆನ್ವಿನ್ವಿನ್ ಕಟ್ಟಿಸಿದ್ದು. 1587ರಲ್ಲಿ ಹರ್ಬರ್ಟ್ ಮನೆತನ ಕೊಂಡುಕೊಂಡಿತು. ಪಾಳು ಬೀಳಲು ಬಿಡದೆ ಮನೆಯಾಗಿ ಬಳಸುತ್ತಲೇ ಬಂದದ್ದರಿಂದ ಒಳಗೆ ಮರದ ಹೊದಿಕೆ, ತೂಗುಪರದೆ, ಬಣ್ಣದ ಛಾವಣಿ ಎಲ್ಲ ಉಳಿದಿವೆ. 1952ರಿಂದ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸುಪರ್ದಿಯಲ್ಲಿದೆ. ತೋಟ ಬೇಗ ತೆರೆದರೂ ಕೋಟೆಯ ಕೋಣೆಗಳು ತಡವಾಗಿ ತೆರೆಯುವುದುಂಟು, ಹಿಂದಿನ ದಿನವೇ ವೇಳೆ ನೋಡಿಕೊಳ್ಳಿ. ಬೆನ್ನಿನ ದೊಡ್ಡ ಚೀಲ ಕೋಣೆಯೊಳಗೆ ಬಿಡುವುದಿಲ್ಲ, ರಾತ್ರಿಯ ಸಾಮಾನನ್ನು ಶ್ರೂಸ್‌ಬರಿಯ ವಸತಿಯಲ್ಲೇ ಬಿಟ್ಟು ಬರುವುದು ಸರಿ.

ಕನ್ನಡಿಗರು ಇಲ್ಲಿಗೆ ಬರಲು ಬೇರೆಯೇ ಕಾರಣವಿದೆ. ರಾಬರ್ಟ್ ಕ್ಲೈವ್ ಈ ಕೋಟೆಯ ಒಡೆಯನಾಗಿರಲಿಲ್ಲ. ಅವನ ಮಗ ಎಡ್ವರ್ಡ್ 1784ರಲ್ಲಿ ಈ ಮನೆಯ ಮಗಳು ಹೆನ್ರಿಯೆಟ್ಟಾ ಹರ್ಬರ್ಟಳನ್ನು ಮದುವೆಯಾದ. 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ಅಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗದ್ದುಗೆಯಲ್ಲಿದ್ದವನು ಇವನೇ. ಮುಂದಿನ ವರ್ಷ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ಟೊನೆಲ್ಲಿ ಎಂಬ ಇಟಲಿಯ ಚಿತ್ರಕಾರ್ತಿಯನ್ನೂ ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸೀಮೆ ಸುತ್ತಿ ಬಂದಳು. ತಂದೆ, ಮಗ, ಸೊಸೆ ಕೂಡಿಸಿದ ವಸ್ತುಗಳೆಲ್ಲ ಸೇರಿ ಈಗ ಕ್ಲೈವ್ ಸಂಗ್ರಹ.

ಅದು ಪುಟ್ಟ ಜಾಗ, ಮಬ್ಬು ಬೆಳಕು. ಬಟ್ಟೆಯ ಬಣ್ಣ ಮಾಸಬಾರದೆಂದು ಬೆಳಕನ್ನು ಬೇಕೆಂದೇ ತಗ್ಗಿಸಿದ್ದಾರೆ. ಬಿಸಿಲಿನಿಂದ ಒಳಬಂದವರು ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ, ಹಾಗೆ ನಿಲ್ಲದೆ ದಾಟಿ ಹೋದವರು ಅರ್ಧವನ್ನೂ ನೋಡಿರುವುದಿಲ್ಲ.

ಟಿಪ್ಪು ಸಿಂಹಾಸನದ ಹುಲಿಮುಖ ಇರುವುದು ಇಲ್ಲಿ. ಸಿಂಹಾಸನದ ಕಟಾಂಜನದ ಮೇಲಿದ್ದ ಎಂಟು ಸಣ್ಣ ಹುಲಿಮುಖಗಳಲ್ಲಿ ಇದೊಂದು. ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರ. ಒಳಗೆ ಅರಗು, ಮೇಲೆ ಚಿನ್ನದ ತಗಡು, ನಡುನಡುವೆ ಕೂಡಿಸಿದ ಮಾಣಿಕ್ಯ, ವಜ್ರ, ಪಚ್ಚೆ. ಬಾಯಿ ತೆರೆದಿದೆ, ಕೋರೆಗಳು ಕಾಣುತ್ತವೆ. ಎದುರಿನಿಂದ ನೋಡಿದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೆನ್ನೆಯ ಭಾಗ ನೋಡಬೇಕು. ಚಿನ್ನದ ಮೇಲೆ ಅಕ್ಕಸಾಲಿಗ ಕೊರೆದ ಹುಲಿಪಟ್ಟೆಗಳು ಆಗ ಎದ್ದು ಕಾಣುತ್ತವೆ. ಯುದ್ಧ ಮುಗಿದೊಡನೆ ಲೂಟಿಯ ಪಾಲು ಹಂಚುವ ಅಧಿಕಾರಿಗಳು ಸಿಂಹಾಸನವನ್ನೇ ಒಡೆದುಹಾಕಿದರು. ದೊಡ್ಡ ಹುಲಿತಲೆಯೂ ಚಪ್ಪರದ ಮೇಲಿದ್ದ ಹುಮಾ ಹಕ್ಕಿಯೂ ಬ್ರಿಟಿಷ್ ಅರಸು ಮನೆತನದ ಸಂಗ್ರಹ ಸೇರಿದವು. ಇಡಿಯಾಗಿದ್ದಾಗ ಅದು ಹೇಗಿತ್ತೆಂದು ತಿಳಿಯಲು ಟೊನೆಲ್ಲಿ ಬರೆದ, ಸಿಂಹಾಸನದ ಮೇಲೆ ಕುಳಿತ ಟಿಪ್ಪುವಿನ ಜಲವರ್ಣ ಚಿತ್ರ ನೆರವಾಗುತ್ತದೆ. ಅದೂ ಇದೇ ಮನೆಯ ಆಸ್ತಿ. ಒಡೆದದ್ದಕ್ಕೆ ಆಗಲೂ ಕ್ಷಮೆ ಇರಲಿಲ್ಲ, ಈಗಲೂ ಇಲ್ಲ. ಎದುರಿಗೆ ನಿಂತಾಗ ಹೊಟ್ಟೆ ಉರಿಯುವುದು ಸಹಜ.

ಡೇರೆಯ ಬಟ್ಟೆಯನ್ನು ನಿಧಾನ ನೋಡಿ. ಬಿಳಿ ನೆಲದ ಮೇಲೆ ಹೂಕುಂಡಗಳ ಸಾಲು, ಕೆಂಪು ಹಸಿರು ಚಿತ್ತಾರದ ಹತ್ತಿ ಚೀಟಿ ಬಟ್ಟೆ. ಇದು ಟಿಪ್ಪುವಿನ ಡೇರೆ, ಬಟ್ಟೆ ಮಾತ್ರ ಅವನ ಕಾಲಕ್ಕಿಂತ ಹಳೆಯದು. ಪೋವಿಸ್‌ಗೆ ಬಂದ ಮೇಲೆ ತೋಟದ ಔತಣಗಳಿಗೆ ಇದನ್ನೇ ಚಪ್ಪರವಾಗಿ ಎತ್ತುತ್ತಿದ್ದರಂತೆ. ವೇಲ್ಸ್‌ನ ಮಳೆ ಗಾಳಿಗೆ ಒಡ್ಡಿದ ಮೇಲೂ ಆ ಬಣ್ಣಗಳು ನಿಂತಿವೆ.

ಕೋಣೆಯ ಕಾವಲಿಗಿದ್ದ ಸ್ವಯಂಸೇವಕಿಗೆ ಎಪ್ಪತ್ತರ ಆಸುಪಾಸು. ಎಲ್ಲಿಯವರೆಂದು ಕೇಳಿ, ಮೈಸೂರು ಕಡೆಯವರೆಂದು ತಿಳಿದೊಡನೆ ಪುಟ್ಟ ಟಾರ್ಚು ತೆಗೆದು ಹುಲಿಮುಖದ ಕಿವಿಯ ಅಂಚು ತೋರಿಸಿದರು. ‘ಆ ಅರಮನೆ ಈಗಲೂ ಇದೆಯೇ?’ ಎಂದರು. ರಂಗನಾಥ ದೇವಸ್ಥಾನದ ಹತ್ತಿರ ಅಡಿಪಾಯ ಮಾತ್ರ ಉಳಿದಿದೆ, ಊರಾಚೆ ದರಿಯಾ ದೌಲತ್ ಚೆನ್ನಾಗಿದೆ, ಅದರ ಗೋಡೆಯ ತುಂಬ ಯುದ್ಧದ ಚಿತ್ರಗಳಿವೆ ಎಂದೆವು. ಅವರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡರು. ಇಂಥ ಸ್ವಯಂಸೇವಕರು ಪ್ರತಿ ಕೋಣೆಯಲ್ಲೂ ಇರುತ್ತಾರೆ. ಫಲಕದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ, ಕೇಳುವವರಿಗಾಗಿಯೇ ಕಾಯುತ್ತಿರುತ್ತಾರೆ.

ತೋಟಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಯೂ ಮರಗಳು ಮುನ್ನೂರು ವರ್ಷ ಕತ್ತರಿಸಿಕೊಂಡು ಗೋಡೆಯಷ್ಟು ದಪ್ಪವಾಗಿ, ಮೋಡದಂತೆ ಉಬ್ಬಿ ಇಳಿಬಿದ್ದಿವೆ. ಕೆಳಗಿನ ಹುಲ್ಲುಹಾಸಿಗೆ ಇಳಿದು ತಿರುಗಿ ನೋಡಿದರೆ ಮಾತ್ರ ಕೋಟೆಯ ಪೂರ್ತಿ ಎತ್ತರ ತಿಳಿಯುತ್ತದೆ. ನವಿಲುಗಳು ಕಾಲಡಿಯಲ್ಲೇ ಓಡಾಡುತ್ತವೆ.

ಸಂಜೆ ಸಾಮಾನು ಎತ್ತಿಕೊಂಡು ಶ್ರೂಸ್‌ಬರಿಯಿಂದ ಲಡ್ಲೋಗೆ ಬಂದಿಳಿದಾಗ ಹೊಟ್ಟೆ ತಾಳ ಹಾಕುತ್ತಿತ್ತು. ಮೊದಲು ಹೊಕ್ಕ ಪಬ್ಬಿನಲ್ಲಿ ಒಲೆ ಆರಿಸಿಯಾಗಿತ್ತು. ಪಬ್ಬು ರಾತ್ರಿ ಹನ್ನೊಂದರವರೆಗೆ ತೆರೆದಿದ್ದರೂ ಅಡುಗೆಮನೆ ಒಂಬತ್ತಕ್ಕೆ, ಸಣ್ಣ ಊರುಗಳಲ್ಲಿ ಎಂಟೂವರೆಗೇ ಮುಚ್ಚುತ್ತದೆ. ಮಧ್ಯಾಹ್ನದ ಊಟವೂ ಎರಡೂವರೆಗೆ ಬಂದ್. ಶನಿವಾರ ರಾತ್ರಿ ಮೇಜು ಕಾದಿರಿಸದೆ ಹೋಗುವುದು ಬೇಡ. ಎರಡನೆಯ ಪಬ್ಬಿನಲ್ಲಿ ಅಣಬೆ ಪೈ ಸಿಕ್ಕಿತು, ಜೊತೆಗೆ ಹಾಬ್ಸನ್ಸ್ ಮೈಲ್ಡ್. ಕಂದು ಬಣ್ಣ, ಹುರಿದ ಧಾನ್ಯದ ರುಚಿ, ಶಕ್ತಿ ಕೇವಲ 3.2 ಶೇಕಡಾ. ಇದೇ ಸೀಮೆಯ ಕ್ಲೀಬರಿ ಮಾರ್ಟಿಮರ್‌ನಲ್ಲಿ ತಯಾರಾಗುವ ಈ ಏಲ್ 2007ರಲ್ಲಿ ಬ್ರಿಟನ್ನಿನ ಅತ್ಯುತ್ತಮ ಬಿಯರ್ ಎಂಬ ಪ್ರಶಸ್ತಿ ಪಡೆದಿತ್ತು. ಮರುದಿನ ಬೆಳಿಗ್ಗೆ ಕೋಟೆ ಹತ್ತಬೇಕಾದವರಿಗೆ ಹೇಳಿ ಮಾಡಿಸಿದ್ದು.

ಶಾಕಾಹಾರಿಗಳು ಊಟದ ಜೊತೆ ಬರುವ ಬಿಸಿ ಆಲೂಗಡ್ಡೆ ಚಿಪ್ಸ್ ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳಲೇಬೇಕು, ಕೆಲವು ಪಬ್ಬುಗಳಲ್ಲಿ ಅದು ದನದ ಕೊಬ್ಬು. ಹುರಿದ ಆಲೂಗಡ್ಡೆಯಲ್ಲಿ ಬಾತುಕೋಳಿ ಜಾತಿಯ ಹಕ್ಕಿಗಳ ಕೊಬ್ಬು ಇರುವುದುಂಟು, ಗ್ರೇವಿ ಹೆಚ್ಚು ಕಡಿಮೆ ಮಾಂಸದ ರಸವೇ. ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಭಾನುವಾರ: ಲಡ್ಲೋ, ಸ್ಟೋಕ್ಸೆ

ಲಡ್ಲೋ ಕೋಟೆಯ ಟಿಕೆಟ್ಟಿಗೆ ನ್ಯಾಷನಲ್ ಟ್ರಸ್ಟ್ ಸದಸ್ಯತ್ವವೂ ನಡೆಯುವುದಿಲ್ಲ, ಅಂಥದೇ ಇನ್ನೊಂದು ಸಂಸ್ಥೆ ಇಂಗ್ಲಿಷ್ ಹೆರಿಟೇಜ್‌ನ ಸದಸ್ಯತ್ವವೂ ನಡೆಯುವುದಿಲ್ಲ. ಇದು ಖಾಸಗಿ ಸೊತ್ತು, ಒಡೆಯರು ಪೋವಿಸ್ ಅರ್ಲ್ ಮನೆತನದವರು. ಮದ್ರಾಸಿನಿಂದ ಮರಳಿ 1804ರಲ್ಲಿ ಪೋವಿಸ್ ಅರ್ಲ್ ಎನಿಸಿಕೊಂಡ ಅದೇ ಎಡ್ವರ್ಡ್ ಕ್ಲೈವ್, ಪಾಳುಬಿದ್ದ ಈ ಕೋಟೆಯನ್ನು 1811ರಲ್ಲಿ ಅರಸೊತ್ತಿಗೆಯಿಂದ ಕೊಂಡ. ಇವತ್ತಿಗೂ ಕೈಬದಲಾಗಿಲ್ಲ.

ಪೋವಿಸ್ ತುಂಬಿದ ಮನೆಯಾದರೆ ಲಡ್ಲೋ ಬರಿ ಗೋಡೆ. ಕೋಟೆ ಕಟ್ಟುವ ರೀತಿ ಕಲಿಯಲು ಪಾಳೇ ಒಳ್ಳೆಯದು, ಏಕೆಂದರೆ ಗಾರೆ ಉದುರಿ ಒಳಗಿನ ಕೆಲಸ ಬಯಲಾಗಿರುತ್ತದೆ. ಒಳ ಅಂಗಳದ ದೊಡ್ಡ ಗೋಪುರದ ಕೆಳಭಾಗ ನೋಡಿ, ಕಲ್ಲು ತುಂಬಿ ಮುಚ್ಚಿದ ಕಮಾನಿನ ಗೆರೆ ಕಾಣುತ್ತದೆ. ಮೊದಲು ಇದೇ ಹೆಬ್ಬಾಗಿಲು. ಹನ್ನೆರಡನೇ ಶತಮಾನದಲ್ಲಿ ಬಾಗಿಲನ್ನು ಮುಚ್ಚಿ ಗೋಪುರವನ್ನು ಭದ್ರ ಮಾಡಿ, ಪಕ್ಕದ ಗೋಡೆಯಲ್ಲಿ ಸಣ್ಣ ದಾರಿ ತೆರೆದರು. ಕೋಟೆಯಲ್ಲಿ ಬಾಗಿಲೇ ದುರ್ಬಲ ಜಾಗ, ಅದನ್ನು ಗೋಪುರದ ಹೊಟ್ಟೆಯಿಂದ ಹೊರತಂದರೆ ಗೋಪುರ ಉಳಿಯುತ್ತದೆ. ಗೋಡೆಗಳಲ್ಲಿ ಬಾಣದ ಕಂಡಿಗಳನ್ನು ಒಳಗಡೆಯಿಂದ ನೋಡಬೇಕು. ಹೊರಗೆ ಬೆರಳಗಲ, ಒಳಗೆ ಆಳು ನಿಂತು ಅತ್ತಿತ್ತ ತಿರುಗುವಷ್ಟು ಅಗಲ.

ನಡುವೆ ಛಾವಣಿಯಿಲ್ಲದ ಗುಂಡನೆಯ ಪ್ರಾರ್ಥನಾ ಮಂದಿರ, ಬಾಗಿಲಿಗೆ ಹಲ್ಲುಹಲ್ಲಾದ ನಾರ್ಮನ್ ಕೆತ್ತನೆ. ಇಂಗ್ಲೆಂಡಿನಲ್ಲಿ ಗುಂಡು ಮಂದಿರಗಳು ಬಹಳ ಕಡಿಮೆ. ಏಳನೇ ಹೆನ್ರಿಯ ಹಿರಿಮಗ ಆರ್ಥರ್ 1502ರ ಏಪ್ರಿಲ್ 2ರಂದು ಈ ಕೋಟೆಯಲ್ಲೇ ತೀರಿಕೊಂಡ, ಆಗಿನ್ನೂ ಹದಿನೈದು ವರ್ಷ. ಅವನ ಹೆಂಡತಿ ಕ್ಯಾಥರೀನಳನ್ನು ಮುಂದೆ ತಮ್ಮ ಎಂಟನೇ ಹೆನ್ರಿ ಮದುವೆಯಾದ, ಆ ಮದುವೆ ಮುರಿಯಲು ರೋಮಿನೊಡನೆ ಸಂಬಂಧ ಕಡಿದುಕೊಂಡ. ಗೋಪುರದ ಸುರುಳಿ ಮೆಟ್ಟಿಲಿನಲ್ಲಿ ಇಳಿಯುವಾಗ ಅಗಲವಿರುವ ಹೊರಬದಿಗೆ ಕಾಲಿಟ್ಟು, ಹಗ್ಗ ಹಿಡಿದು ಬನ್ನಿ. ಎದುರಿನಿಂದ ಯಾರಾದರೂ ಬಂದರೆ ಕಂಡಿಯ ಬಳಿ ನಿಲ್ಲುವುದೊಂದೇ ದಾರಿ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸೇಂಟ್ ಲಾರೆನ್ಸ್ ಚರ್ಚಿಗೆ ಹೋದೆವು. ಗಾಯಕರ ಮಡಿಚುವ ಆಸನಗಳ ಅಡಿಯಲ್ಲಿ ಮಧ್ಯಯುಗದ ಮರದ ಕೆತ್ತನೆಗಳಿವೆ. ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಏಲ್ ಮಾರುವವಳನ್ನು ದೆವ್ವವೊಂದು ಹೆಗಲ ಮೇಲೆ ಹೊತ್ತು ನರಕದ ಬಾಯಿಗೆ ಒಯ್ಯುತ್ತಿದೆ. ಅವಳ ಕೈಯಲ್ಲಿ ಕಳ್ಳ ಅಳತೆಯ ಹೂಜಿ ಹಾಗೇ ಇದೆ. ಇನ್ನೊಂದು ದೆವ್ವ ಅವಳ ಪಾಪಗಳ ಪಟ್ಟಿ ಓದುತ್ತಿದೆ. ಈಗಲೂ ಪೈಂಟ್ ಎಂದರೆ 568 ಮಿಲಿ, ಕಾನೂನಿನ ಅಳತೆ. ನೊರೆ ತೀರಾ ಹೆಚ್ಚಾಗಿದ್ದರೆ ಇನ್ನಷ್ಟು ಹಾಕಿ ಎನ್ನಲು ಸಂಕೋಚ ಬೇಡ.

ಮಧ್ಯಾಹ್ನ ರೈಲು ನಿಲ್ದಾಣದ ಪಕ್ಕದ ಹಳೆಯ ಸರಕು ಷೆಡ್ಡಿನಲ್ಲಿರುವ ಲಡ್ಲೋ ಬ್ರೂಯಿಂಗ್ ಕಂಪನಿ. ಹುದುಗಿಸುವ ಹಂಡೆಗಳ ಕೆಳಗೇ ಬೆಂಚು ಹಾಕಿ ಬಿಯರು ಕೊಡುತ್ತಾರೆ, ಲಡ್ಲೋ ಗೋಲ್ಡ್ ಇಲ್ಲಿಯ ಹೆಸರುವಾಸಿ ಏಲ್. ಪೂರ್ತಿ ಊಟ ಬೇಕಾದವರು ಪೇಟೆಯ ಪಬ್ಬುಗಳಲ್ಲಿ ಭಾನುವಾರದ ರೋಸ್ಟ್ (ಹುರಿದ ಮಾಂಸ, ಆಲೂಗಡ್ಡೆಯ ಊಟ) ಹುಡುಕಬೇಕು. ಹನ್ನೆರಡರಿಂದ ಮೂರು ನಾಲ್ಕರವರೆಗೆ ಮಾತ್ರ, ಸಂಜೆ ಅಡುಗೆಯಿಲ್ಲದ ಪಬ್ಬುಗಳೇ ಹೆಚ್ಚು.

ವಾಪಸು ದಾರಿಯಲ್ಲಿ ಕ್ರೇವನ್ ಆರ್ಮ್ಸ್‌ನಲ್ಲಿ ಇಳಿದು ಒಂದು ಮೈಲಿ ನಡೆದರೆ ಸ್ಟೋಕ್ಸೆ. ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ಭಾನುವಾರ ಇನ್ನೂ ಕಡಿಮೆ. ಇದು ರಾಜನ ಕೋಟೆಯಲ್ಲ, ಲಾರೆನ್ಸ್ ಎಂಬ ಲಡ್ಲೋದ ಉಣ್ಣೆ ವ್ಯಾಪಾರಿಯ ಮನೆ. ಗೋಡೆಗೆ ತೆನೆ ಕಟ್ಟಲು ಒಂದನೇ ಎಡ್ವರ್ಡ್ 1291ರಲ್ಲಿ ಅಪ್ಪಣೆ ಕೊಟ್ಟ. ಮೂರೇ ವರ್ಷದಲ್ಲಿ, ಉಣ್ಣೆ ತುಂಬಿದ ಹಡಗಿನೊಡನೆ ಲಾರೆನ್ಸ್ ಸಮುದ್ರದಲ್ಲಿ ಮುಳುಗಿ ಸತ್ತ. ಮನೆ ಮಾತ್ರ ಏಳುನೂರು ವರ್ಷ ದಾಟಿ ನಿಂತಿದೆ. ದೊಡ್ಡ ಹಜಾರದಲ್ಲಿ ಹೊಗೆಗೂಡಿಲ್ಲ, ನಡುನೆಲದಲ್ಲೇ ಒಲೆ. ಹೊಗೆ ಮೇಲೇರಿ ತೊಲೆಗಳನ್ನು ಕಪ್ಪಾಗಿಸಿದೆ. ಗೋಡೆಗಂಟಿದ ಮೆಟ್ಟಿಲುಗಳು ಆ ಕಾಲದ್ದೇ, ಒಂದೊಂದೂ ಇಡೀ ಮರದ ದಿಮ್ಮಿಯಿಂದ ಕಡಿದದ್ದು. ಮಹಡಿಯ ಕೋಣೆಯಲ್ಲಿ ಒಲೆಯ ಇಕ್ಕೆಲದಲ್ಲಿ ಪುಟ್ಟ ಕಿಂಡಿಗಳಿವೆ, ಕೆಳಗಿನ ಹಜಾರದಲ್ಲಿ ಯಾರೇನು ಮಾಡುತ್ತಿದ್ದಾರೆಂದು ಯಜಮಾನ ಇಲ್ಲಿಂದಲೇ ನೋಡಬಹುದಿತ್ತು. ಇದು ಇಂಗ್ಲಿಷ್ ಹೆರಿಟೇಜ್ ಜಾಗ, ಸದಸ್ಯರಿಗೆ ಟಿಕೆಟ್ ಬೇಡ.

ಶ್ರೂಸ್‌ಬರಿ ಕಡೆಯ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿದರೆ ಲಾಂಗ್ ಮಿಂಡ್ ಗುಡ್ಡಸಾಲು ಚರ್ಚ್ ಸ್ಟ್ರೆಟನ್‌ವರೆಗೂ ಜೊತೆಗಿರುತ್ತದೆ. ಇನ್ನೊಂದು ದಿನ ಕೈಯಲ್ಲಿದ್ದವರು ಬಿಷಪ್ಸ್ ಕ್ಯಾಸಲ್‌ಗೆ ಹೋಗಬೇಕು, ಅಲ್ಲಿನ ತ್ರೀ ಟನ್ಸ್ ಪಬ್ಬಿಗೆ ಬಿಯರು ತಯಾರಿಸುವ ಪರವಾನಗಿ ಸಿಕ್ಕಿದ್ದು 1642ರಲ್ಲಿ. ಆ ಊರಿಗೆ ರೈಲಿಲ್ಲ, ಭಾನುವಾರ ಬಸ್ಸು ನೆಚ್ಚಿಕೊಂಡು ಹೋಗುವಂತೆಯೂ ಇಲ್ಲ. ಶನಿವಾರವೇ ಶ್ರೂಸ್‌ಬರಿಯಿಂದ ಬೆಳಗಿನ ಬಸ್ಸು ಹಿಡಿದು, ಕೊನೆಯ ಬಸ್ಸಿನ ಹೊತ್ತು ಬರೆದಿಟ್ಟುಕೊಂಡು ಹೊರಡುವುದು ಸರಿ.